ಎದೆಗೋಡೆಯ ನೀಲಿ ದಾರಿ ಬಲ್ಲವರು

ಕಳೆದ ತಿಂಗಳು ನಮ್ಮ ಅನಾಟಮಿ ಮೇಡಂ ನಿವೃತ್ತರಾದರು. ಚಾಮರಾಜನಗರದಲ್ಲಿ ನಾನು ಓದಿದ ಮೆಡಿಕಲ್ ಕಾಲೇಜಿನ ಸಭಾಂಗಣದಲ್ಲಿ ಬೀಳ್ಕೊಡುಗೆ ಇತ್ತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಒಬ್ಬರಾದ ಮೇಲೊಬ್ಬರು ಎದ್ದು ನಿಂತು "ಮೇಡಂ ಸಮಯಪಾಲನೆಗೆ ಹೆಸರಾದವರು", "ಮೇಡಂ ಸುಮ್ಮಸುಮ್ಮನೆ ಒಂದು ದಿನವೂ ರಜೆ ಹಾಕಿದವರಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. ಸಮಯಪಾಲನೆಗೆ ಗೋಡೆ ಗಡಿಯಾರ ಸಾಲದೆ? ಎದೆಗೂಡಿನ ಒಂದು ನಾಳದ ಪಾಠ ಹೇಳುತ್ತ ಆ ಹೆಂಗಸು ಸ್ಟೂಲಿನಿಂದ ಕೆಳಗೆ ಬಿದ್ದದ್ದನ್ನು ಯಾರೂ ಹೇಳಲಿಲ್ಲ. ಎರಡು ಬೆರಳು ಊರಿ ಒಬ್ಬ ಮನುಷ್ಯನ ಮಾನವನ್ನೂ ಪ್ರಾಣವನ್ನೂ ಉಳಿಸಿದ್ದನ್ನಂತೂ ಯಾರೂ ಹೇಳಲಿಲ್ಲ. ಪಾಪ, ಅವರಿಗೆ ಅದು ಗೊತ್ತೂ ಇರಲಿಲ್ಲ. ಗೊತ್ತಿದ್ದ ನನ್ನ ಕೈಗೆ ಮೈಕು ಬರುವಷ್ಟರಲ್ಲಿ ಊಟಕ್ಕೆ ಕರೆದುಬಿಟ್ಟರು. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ. ಮೇಡಂ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ.

ಮೇಡಂ ಕುಳ್ಳಗಿನವರು. ಸಂತೆಮರಹಳ್ಳಿ ಹತ್ತಿರದ ಒಂದು ಹಳ್ಳಿಯ ಒಕ್ಕಲು ಮನೆಯ ಮಗಳು. ಬಲಗೈಯ ಉಗುರಿನ ಸಂದಿಯಲ್ಲಿ ಸದಾ ನೀಲಿ ಚಾಕ್‌ಪೀಸಿನ ಪುಡಿ. ಪಾಠ ಶುರುವಾಗುವುದು ಶುದ್ಧ ಇಂಗ್ಲಿಷಿನಲ್ಲಿ. ಹುರುಪು ಏರಿದಂತೆಲ್ಲ ಇಂಗ್ಲಿಷು ಹೋಗಿ ಪುಸ್ತಕದ ಕನ್ನಡ ಬರುವುದು, ಇನ್ನೂ ಏರಿದರೆ ಅದೂ ಹೋಗಿ ಊರ ಕನ್ನಡ ಬರುವುದು. ಹೊರಗಿನಿಂದ ಬಂದ ಹುಡುಗರು ಮೊದಮೊದಲು ಮುಸಿಮುಸಿ ನಕ್ಕರು. ಆಮೇಲಾಮೇಲೆ ಊರ ಕನ್ನಡ ಯಾವಾಗ ಬರುತ್ತದೋ ಎಂದು ಕಾಯತೊಡಗಿದರು, ಏಕೆಂದರೆ ಆ ಭಾಷೆಯಲ್ಲಿ ಹೇಳಿದ್ದು ಪರೀಕ್ಷೆಯಲ್ಲಿ ಮರೆಯುತ್ತಿರಲಿಲ್ಲ.

"ಹೃದಯ, ಮೆದುಳು ಎಲ್ಲಾರೂ ಓದ್ತಾರೆ, ಅದಕ್ಕೆ ನಾನು ಬೇಕಾಗಿಲ್ಲ" ಎಂದು ಮೊದಲ ದಿನವೇ ಹೇಳಿದರು. "ಪಕ್ಕೆಲುಬುಗಳ ಮಧ್ಯೆ ಒಂದೊಂದು ಕಡೆಗೂ ಹನ್ನೊಂದು ಸಂದು ಅವೆ. ಎಲ್ಲಾ ಸಂದೀಲೂ ರಕ್ತ ಬಂದು ಮಾಂಸಕ್ಕೆ ಉಣ್ಣಕ್ಕಿಕ್ತದೆ. ಸರಿ. ಉಂಡಾದ್ಮೇಲೆ ಆ ರಕ್ತ ಯಾವ ದಾರೀಲಿ ವಾಪಸ್ ಹೋಗ್ತದೆ? ಯಾರಾದ್ರೂ ಯೋಚನೆ ಮಾಡಿದ್ದೀರಾ?"

ನಾವು ಯಾರೂ ಮಾಡಿರಲಿಲ್ಲ. ಮದುವೆ ಮನೆಯಲ್ಲಿ ಉಂಡೆದ್ದವರು ಎಂಜಲೆಲೆ ಎಲ್ಲಿಗೆ ಹೋಯಿತೆಂದು ಕೇಳುತ್ತಾರೆಯೇ? ಮೇಡಂ ಕೇಳುತ್ತಿದ್ದರು. ಹೃದಯದಿಂದ ಹೊರಟ ಕೆಂಪು ಅಪಧಮನಿಗಳ ಬಗ್ಗೆ ಅವರಿಗೆ ಗೌರವವಿತ್ತು. ಹೃದಯಕ್ಕೆ ಮರಳುವ ನೀಲಿ ಅಭಿಧಮನಿಗಳ ಬಗ್ಗೆ ಪ್ರೀತಿ ಇತ್ತು. ಅವುಗಳಲ್ಲೂ ಎದೆಗೋಡೆಯ ರಕ್ತವನ್ನು ಒಟ್ಟುಮಾಡಿಕೊಂಡು ಮೇಲಕ್ಕೆ ಹೋಗುವ ಅಜೈಗಸ್ ಎಂಬ ನಾಳವೆಂದರೆ ಪ್ರಾಣ.

ಅದನ್ನು ಅವರು ಬರೆಯುವುದನ್ನು ನೋಡಬೇಕಿತ್ತು. ಬೋರ್ಡಿನ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು, ಸೊಂಟದ ಹತ್ತಿರದಿಂದ ನೀಲಿ ಗೆರೆ ಶುರುಮಾಡುತ್ತಿದ್ದರು. ಬೆನ್ನುಮೂಳೆಯ ಬಲಕ್ಕೇ ಎಳೆಯುತ್ತ ಎಳೆಯುತ್ತ ಎದ್ದು ನಿಲ್ಲುವುದು, ದಾರಿಯಲ್ಲಿ ಒಂದೊಂದು ಸಂದಿನ ನಾಳವನ್ನೂ ಅದಕ್ಕೆ ಸೇರಿಸುವುದು, ಕೈ ಎಟುಕದಾದಾಗ ಸ್ಟೂಲು ಹತ್ತುವುದು. ಬಲ ಶ್ವಾಸಕೋಶದ ಬೇರಿನ ಮೇಲೆ ಆ ನಾಳ ಮುಂದಕ್ಕೆ ಬಗ್ಗಿ, ತಲೆ, ಕುತ್ತಿಗೆ, ಕೈಗಳ ರಕ್ತವನ್ನು ಹೃದಯಕ್ಕಿಳಿಸುವ ಮೇಲಿನ ದೊಡ್ಡ ನಾಳಕ್ಕೆ ಸೇರುತ್ತದೆ. ಆ ಬಾಗುವಿಕೆಗೆ ಬಂದಾಗ ಮೇಡಂ ತಾವೂ ಬಾಗುತ್ತಿದ್ದರು. ಹಾಗೆ ಬಾಗಿಯೇ ಒಂದು ದಿನ ಸ್ಟೂಲು ಸಮೇತ ಬಿದ್ದರು. ಮುಂದಿನ ಬೆಂಚಿನವರು ಓಡಿದೆವು. ಅವರು ನೆಲದಲ್ಲಿ ಕೂತೇ ಚಾಕ್‌ಪೀಸು ಎತ್ತಿ ತೋರಿಸಿದರು. "ನಾಳ ಬಗ್ಗೋದು ಆ ಕಡೆಗೆ ಕಣ್ರೋ! ನಾನು ಬಿದ್ದ ಕಡೆಗಲ್ಲ. ಬರ್ಕಳಿ!"

ಅಜೈಗಸ್ ಎಂದರೆ ಜೋಡಿ ಇಲ್ಲದ್ದು ಎಂದರ್ಥ. ಎಡಪಕ್ಕದಲ್ಲಿ ಎರಡು ಚಿಕ್ಕ ನಾಳಗಳಿವೆ. ಅವು ಎದೆಯ ನಡುವಿನವರೆಗೆ ಬಂದು, ಬೆನ್ನುಮೂಳೆ ದಾಟಿ, ಹೊರೆಯನ್ನೆಲ್ಲ ಬಲಗಡೆಯದಕ್ಕೆ ಒಪ್ಪಿಸಿಬಿಡುತ್ತವೆ. ಮೇಡಂ ಮದುವೆಯಾದವರಲ್ಲ. ಹಿಂದಿನ ಬೆಂಚಿನಿಂದ ಒಬ್ಬ "ಮೇಡಮ್ಮೇ ಅಜೈಗಸ್ಸು" ಎಂದು ಪಿಸುಗುಟ್ಟಿದ. ಅವರ ಕಿವಿ ಬಹಳ ಚುರುಕು. "ಊಂ ಕಣಪ್ಪ. ಜೋಡಿ ಇಲ್ಲ ಅಂತ ಅದೇನು ಕೆಲಸ ನಿಲ್ಸದಾ? ಎಡಗಡೆಯವರ ಕೆಲಸಾನೂ ಅದೇ ಮಾಡ್ತದೆ" ಎಂದರು. ತರಗತಿ ನಕ್ಕಿತು. ಅವರೂ ನಕ್ಕರು.

ಅಪಧಮನಿಗೂ ಅಭಿಧಮನಿಗೂ ಇರುವ ವ್ಯತ್ಯಾಸವನ್ನು ಅವರು ಹೇಳಿದ ಹಾಗೆ ಯಾವ ಪುಸ್ತಕವೂ ಹೇಳಿಲ್ಲ. "ಅಪಧಮನಿ ಸರ್ಕಾರಿ ಬಸ್ಸು. ಬೇಗೂರಲ್ಲಿ ರಸ್ತೆ ಬಂದ್ ಆದ್ರೆ ಅಲ್ಲೇ ನಿಂತ್ಕತದೆ. ಅಭಿಧಮನಿ ನಮ್ಮ ಟೆಂಪೋದವನು. ರಸ್ತೆ ಬಂದಾ? ಹೊಲದ ಮೇಲೆ ತಿರುಗಿಸ್ತಾನೆ, ಕೆರೆ ಏರಿ ಹತ್ತಿಸ್ತಾನೆ, ಹೆಂಗೋ ಜನಾನ ಊರು ಮುಟ್ಟಿಸ್ಬುಡ್ತಾನೆ." ಮೇಲಿನ ದೊಡ್ಡ ನಾಳ ಕಟ್ಟಿಕೊಂಡರೆ ತಲೆಯ ರಕ್ತ ಎದೆಗೋಡೆಯ ಸಣ್ಣ ನಾಳಗಳನ್ನು ಹಿಡಿದು, ಕೆಳಗಿನ ದೊಡ್ಡ ನಾಳಕ್ಕೆ ಇಳಿದು, ಸುತ್ತಿಬಳಸಿ ಹೃದಯ ಸೇರುತ್ತದೆ. ಆಗ ಆ ಸಣ್ಣ ನಾಳಗಳು ಉಬ್ಬಿ ಚರ್ಮದ ಮೇಲೆ ನೀಲಿಯಾಗಿ ಕಾಣುತ್ತವೆ. ರಕ್ತ ಯಾವ ಕಡೆಗೆ ಹೋಗುತ್ತಿದೆಯೆಂದು ತಿಳಿಯುವುದಕ್ಕೆ ಎರಡು ಬೆರಳು ಸಾಕು. ಉಬ್ಬಿದ ನಾಳದ ಮೇಲೆ ಎರಡನ್ನೂ ಒತ್ತಿಟ್ಟು, ಒಂದನ್ನು ಸರಿಸಿ ನಡುವಿನ ರಕ್ತ ಖಾಲಿಮಾಡಿ, ಒಂದೊಂದೇ ಬೆರಳು ಎತ್ತಿ ನೋಡಬೇಕು. ಯಾವ ಬೆರಳು ಎತ್ತಿದಾಗ ತಟ್ಟನೆ ತುಂಬುತ್ತದೋ ಆ ಕಡೆಯಿಂದ ರಕ್ತ ಬರುತ್ತಿದೆ ಎಂದು ಲೆಕ್ಕ. ಇದನ್ನು ಮೇಡಂ ತಮ್ಮ ಮುಂಗೈ ಮೇಲೆ ತೋರಿಸಿದರು. "ಎದೆ ಮೇಲೆ ನೋಡೋ ಯೋಗ ನಂಗೆ ಬಂದಿಲ್ಲ. ನಿಮಗ್ಯಾರಿಗಾದ್ರೂ ಬಂದ್ರೆ ನಂಗೊಂದು ಮಾತು ತಿಳಿಸ್ರಪ್ಪ" ಎಂದರು.

ಹೆಣದ ಕೋಣೆಯಲ್ಲಿ ಮಾತ್ರ ನಗು ಇರಲಿಲ್ಲ. ನಮ್ಮ ಟೇಬಲ್ಲಿನ ಮೇಲೆ ಮಲಗಿದ್ದ ಅಜ್ಜನ ಎಡಪಕ್ಕದಲ್ಲಿ ಪುಸ್ತಕದಲ್ಲಿದ್ದಂತೆ ಎರಡು ನಾಳಗಳಿರಲಿಲ್ಲ, ಉದ್ದಕ್ಕೆ ಒಂದೇ ಇತ್ತು. ನಾನು ಜಾಣೆ, ರೆಕಾರ್ಡ್ ಪುಸ್ತಕದಲ್ಲಿ ಎರಡು ಬರೆದು, ನೀಲಿ ತುಂಬಿ, ಚಂದದ ಅಕ್ಷರದಲ್ಲಿ ಹೆಸರು ಹಾಕಿ ಒಪ್ಪಿಸಿದೆ. ಮೇಡಂ ನನ್ನನ್ನು ಟೇಬಲ್ಲಿನ ಬಳಿಗೆ ಕರೆದರು.

"ಇದು ಯಾರ ಚಿತ್ರ ಅಮ್ಮಿ?"

"ಈ ಬಾಡಿದು ಮೇಡಂ."

"ಸುಳ್ಳು. ಇದು ಪುಸ್ತಕದ್ದು. ಇವರು ತಮ್ಮ ಮೈಯೇ ಕೊಟ್ಟು ಪಾಠ ಹೇಳ್ತಾವ್ರೆ, ನೀನು ನೋಡೋಕೆ ಮುಂಚೇನೇ ಬರೆದ್ಬುಟ್ಟಿದ್ದೀಯ."

ಗಟ್ಟಿಯಾಗಿ ಕೂಡ ಬೈಯಲಿಲ್ಲ. ಅಂದು ಸಂಜೆಯವರೆಗೆ ಒಬ್ಬಳೇ ನಿಂತು ಆ ಒಂದು ನಾಳವನ್ನು ಬಿಡಿಸಿ ಬರೆದುಕೊಟ್ಟೆ. ಪಾಠ ಕಲಿತೆ ಅಂದುಕೊಂಡೆ. ಕಲಿತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕಾಲೇಜಿನ ಹೊರಗೂ ಅವರ ಕಣ್ಣು ಸುಮ್ಮನಿರುತ್ತಿರಲಿಲ್ಲ. ಒಂದು ಸಲ ಸಂತೆಮರಹಳ್ಳಿ ಸಂತೆಯಲ್ಲಿ ಮೂಟೆ ಇಳಿಸುತ್ತಿದ್ದ ಒಬ್ಬರನ್ನು ನೋಡಿ ಜನರ ನಡುವೆ ನಿಂತುಬಿಟ್ಟರು. ಬರಿಮೈ, ಬೆವರು, ಉಸಿರು ಬಿಗಿಹಿಡಿದಾಗ ಕಂಕುಳಿಂದ ಪಕ್ಕೆಗೆ ಇಳಿದ ನಾಳ ಉಬ್ಬಿ ನಿಂತಿತ್ತು. ಮೇಡಂ ಬೆರಳಿನಿಂದ ಗಾಳಿಯಲ್ಲೇ ಗೆರೆ ಎಳೆಯುತ್ತ ಹತ್ತಿರ ಹತ್ತಿರ ಹೋದರು. ಮೆಣಸಿನಕಾಯಿ ಮಾರುತ್ತಿದ್ದ ಅವರ ಹೆಂಡತಿ ತಕ್ಕಡಿ ಕೆಳಗಿಟ್ಟು ಎದ್ದಳು. "ಯಾರವ್ವ ನೀನು? ನಮ್ಮ ಯಜಮಾನ್ರ ಎದೆ ಅಂಗ್ಯಾಕೆ ನೋಡೀಯೆ?" ಮೇಡಂ ಕ್ಷಮೆ ಕೇಳುವುದು ಬಿಟ್ಟು, "ಎಷ್ಟು ಚೆಂದಾಗವೆ ತಾಯಿ ನಿಮ್ಮ ಯಜಮಾನ್ರ ನಾಳ!" ಎಂದರಂತೆ. ಇದನ್ನು ಹೇಳಿಕೊಂಡು ತಾವೇ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಆಮೇಲೆ ಎರಡು ಕೆ.ಜಿ. ಮೆಣಸಿನಕಾಯಿ ಕೊಂಡು ತಪ್ಪಿಸಿಕೊಂಡು ಬರಬೇಕಾಯಿತಂತೆ.

ಊರಿನಲ್ಲಿ ಅವರಿಗೆ ಹೆಣ ಕುಯ್ಯೋ ಡಾಕ್ಟ್ರಮ್ಮ ಎಂದು ಹೆಸರು. ರಜೆಗೆ ಹೋದರೆ ತಾಯಿ ಬಚ್ಚಲಲ್ಲಿ ನೀರು ಕಾಯಿಸಿಟ್ಟು, ಸ್ನಾನವಾಗದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಜ್ವರ ಎಂದು ಯಾರಾದರೂ ಬಂದರೆ ಮೇಡಂ ಕೈಮುಗಿಯುತ್ತಿದ್ದರು. "ನಂಗೆ ದಾರಿ ಗೊತ್ತು ಕಣಣ್ಣ, ಗಾಡಿ ಓಡ್ಸಕ್ಕೆ ಬರಕ್ಕಿಲ್ಲ. ಡಾಕ್ಟ್ರ ಹತ್ರ ಹೋಗು." ಹೇಳುವಾಗ ನಗುತ್ತಿದ್ದರು. ಆದರೂ ಅದರಲ್ಲಿ ಸ್ವಲ್ಪ ನೋವಿತ್ತೆಂದು ನನಗೆ ಈಗ ಅನ್ನಿಸುತ್ತದೆ.

ಇನ್ನು ಮೇಡಂ ಎರಡು ಬೆರಳೂರಿ ಉಳಿಸಿದ ಆ ಮನುಷ್ಯರ ವಿಷಯ.

ನಾನು ಗುಂಡ್ಲುಪೇಟೆಯಲ್ಲಿ ಚಿಕ್ಕ ಕ್ಲಿನಿಕ್ ಇಟ್ಟು ವರ್ಷವೂ ಆಗಿರಲಿಲ್ಲ. ಬೇಗೂರಿನಿಂದ ಒಳಗಿನ ಒಂದು ಹಳ್ಳಿಯ ತರಕಾರಿ ಬೆಳೆಗಾರರು ಹೆಂಡತಿಯ ಜೊತೆ ಬಂದರು. ಐವತ್ತೈದರ ಆಸುಪಾಸು. ಬೀನ್ಸು, ಟೊಮೆಟೊ ಲೋಡಿನ ಜೊತೆ ವಾರಕ್ಕೆರಡು ಸಲ ಕೇರಳಕ್ಕೆ ಹೋಗಿಬರುವವರು. ಶಿವಭಕ್ತರ ಮನೆತನ. ಹಣೆಯಲ್ಲಿ ವಿಭೂತಿ, ಗಂಟಲಿಗೆ ತಗುಲಿದಂತೆ ಗಿಡ್ಡ ದಾರದಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ.

"ಬೆಳಗ್ಗೆ ಎದ್ರೆ ಮೊಕ ಊದ್ಕತದೆ ಡಾಕ್ಟ್ರಮ್ಮ. ಕಣ್ಣು ಕೆಂಪಾಯ್ತವೆ. ಕ್ರೇಟ್ ಎತ್ತಕ್ಕೆ ಬಗ್ಗುದ್ರೆ ತಲೆ ಗಿರ್ ಅಂತದೆ" ಎಂದರು.

ಅಂಗಿ ಎತ್ತಿ ನೋಡಿದೆ. ಎದೆಯ ಕೆಳಭಾಗದಿಂದ ಹೊಟ್ಟೆಯವರೆಗೆ ನೀಲಿ ನಾಳಗಳು ಎದ್ದು ನಿಂತಿದ್ದವು. ಊದಿದ ಮುಖ, ಕೆಂಪು ಕಣ್ಣು, ತಲೆಸುತ್ತು, ಹೊಟ್ಟೆಯ ಮೇಲೆ ನಾಳ. ಹೊರಗೆ ಬೆಂಚು ತುಂಬ ಜನ ಕೂತಿದ್ದರು. ನಾನು ಬರೆದುಕೊಳ್ಳುತ್ತ, ತಲೆ ಕೂಡ ಎತ್ತದೆ ಕೇಳಿದೆ: "ಎಷ್ಟು ವರ್ಷದಿಂದ ಕುಡೀತೀರಿ?"

ಕುಡೀತೀರಾ ಎಂದು ಕೂಡ ಕೇಳಲಿಲ್ಲ. ಎಷ್ಟು ವರ್ಷದಿಂದ ಎಂದೇ ಕೇಳಿಬಿಟ್ಟೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ಅವರು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದರು. "ಲಿಂಗ ಮುಟ್ಟಿ ಯೋಳ್ತಾ ಇವ್ನಿ. ಒಂದು ತೊಟ್ಟು ಕುಡುದಿಲ್ಲ." ನಾನು ಸರಿಸರಿ ಎಂದು, ಲಿವರ್ ಸ್ಕ್ಯಾನಿಂಗಿಗೂ ರಕ್ತ ಪರೀಕ್ಷೆಗೂ ಬರೆದುಕೊಟ್ಟು ಮುಂದಿನವರನ್ನು ಕರೆದೆ.

ಸ್ಕ್ಯಾನಿಂಗ್ ಸೆಂಟರಿನವರೇ ಕಳಿಸಿದ ರಿಪೋರ್ಟು ನನ್ನ ಕೈಸೇರಿತು. ಲಿವರ್ ಚೆನ್ನಾಗಿಯೇ ಇತ್ತು. ರಕ್ತ ಪರೀಕ್ಷೆಯೂ ಸರಿಯಾಗಿತ್ತು. ಗಂಡ ಹೆಂಡತಿ ಇಬ್ಬರೂ ತಿರುಗಿ ಬರಲಿಲ್ಲ. ರಿಪೋರ್ಟನ್ನು ಡ್ರಾಯರಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ತಪ್ಪು ಮಾಡಿದವರಿಗೆ ಎಷ್ಟು ಕೆಲಸವಿರುತ್ತದೆ ನೋಡಿ, ಎರಡು ವಾರ ಹೀಗೇ ಕಳೆದೆ. ಕೊನೆಗೆ ಒಂದು ಶನಿವಾರ ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ರಕ್ತ ಯಾವ ಕಡೆ ಹೋಯ್ತದೆ ನೋಡ್ದಾ?"

"ಇಲ್ಲ ಮೇಡಂ."

"ಯಾಕಮ್ಮಿ ನೋಡ್ಲಿಲ್ಲ?"

"ಗೊತ್ತಿದೆ ಅನ್ನಿಸ್ತು ಮೇಡಂ."

ಬೈಯುತ್ತಾರೆಂದು ಕಾದೆ. ಬಂದದ್ದು ಬೇರೆಯೇ ಮಾತು. "ಎದೆ ಮೇಲೂ ಉಬ್ಬವಾ? ಕುತ್ತಿಗೇಲಿ? ಮೊಕ ಬೆಳಗ್ಗೆ ಊದ್ತದಾ? ಅಮ್ಮಿ, ನಾಳೆ ಭಾನುವಾರ. ಮೊದಲ್ನೇ ಬಸ್ಸಿಗೆ ಬತ್ತೀನಿ. ನೀನು ಕೈ ಇಡಬೇಡ, ನಾನು ಬರೋತಂಕ ಏನೂ ಮಾಡ್ಬೇಡ!"

ಮರುದಿನ ನಾನು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಮೇಡಂ ಆಗಲೇ ಇಳಿದು, ಬ್ಯಾಗು ತಬ್ಬಿಕೊಂಡು ಬೇಗೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸುತ್ತಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತಮ್ಮ ಮುಂಗೈ ಮೇಲೆ ಎರಡು ಬೆರಳಿಟ್ಟು ಅಭ್ಯಾಸ ಮಾಡುತ್ತಲೇ ಇದ್ದರು. "ಮೂವತ್ತೊಂದು ವರ್ಷ ಕಣಮ್ಮಿ. ಬರೆದು ಬರೆದು ಬೋರ್ಡು ಸವೆದೋಯ್ತು. ಸತ್ತವರಲ್ಲಿ ರಕ್ತ ಹರಿಯಲ್ವಲ್ಲ. ಹರಿಯೋದನ್ನ ಒಂದ್ಸಲ, ಒಂದೇ ಒಂದ್ಸಲ ನೋಡ್ಬೇಕು." ಪಬ್ಲಿಕ್ ಪರೀಕ್ಷೆಗೆ ಹೊರಟ ಹುಡುಗಿಯ ಮುಖ ಅವರದು. ನಾನು ತಪ್ಪಾಯ್ತು ಎನ್ನುವ ಮಾತನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದೆ.

ಬೇಗೂರಿನಲ್ಲಿ ಆಟೋ ಹಿಡಿದು ಊರು ಸೇರಿದೆವು. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಮುಖ ಇನ್ನಷ್ಟು ಊದಿತ್ತು. ನನ್ನನ್ನು ಕಂಡು ಎದ್ದು ನಿಂತರು, ಅದು ಆ ಮನೆಯ ಮರ್ಯಾದೆ.

"ಬನ್ನಿ ಡಾಕ್ಟ್ರಮ್ಮ. ಇನ್ನೇನು ಕೇಳದು ಬಾಕಿ ಅದೆ?"

"ಏನೂ ಕೇಳೋಕೆ ಬಂದಿಲ್ಲ. ತಪ್ಪಾಯ್ತು ಅಂತ ಹೇಳೋಕೆ ಬಂದೆ. ಲಿವರ್ ಚೆನ್ನಾಗಿದೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತಾಡಿದರು. "ಚೆಂದಾಗಿದ್ರೆ ಮೊಕ ಯಾಕವ್ವ ಊದ್ತದೆ? ಕುಡ್ದಿದ್ರೆ ಕುಡುದ್ರು ಅಂತ ಸುಮ್ಕಾಗ್ಬುಡ್ತಿದ್ದೆ. ಲಿಂಗ ಮುಟ್ಟಿ ಸುಳ್ಳಾಡುದ್ರಲ್ಲ! ನಾಳೆ ಸೋಮ್ವಾರ ಅವ್ರು ಮಠಕ್ಕೆ ಓಗಿ ಸ್ವಾಮಿ ಬುದ್ಧೇರ ಮುಂದೆ ತಪ್ಪು ಒಪ್ಕಳ್ಳಲಿ, ಆಮೇಲೆ ಮಾತು."

ನನ್ನ ಒಂದು ಪ್ರಶ್ನೆಯಿಂದ ಆ ಮನೆಯಲ್ಲಿ ಗಂಡ ಹೆಂಡತಿಯ ಮಾತು ನಿಂತು ಹತ್ತೊಂಬತ್ತು ದಿನವಾಗಿತ್ತು. ಅನ್ನ ಬಡಿಸುತ್ತಿದ್ದರು, ಪೂಜೆಗೆ ನೀರು ಇಡುತ್ತಿರಲಿಲ್ಲ. ಅದಕ್ಕಿಂತ ಭಯಂಕರ ಸಂಗತಿ ಯಜಮಾನರ ಬಾಯಿಂದ ಬಂತು. "ಓಯ್ತೀನಿ ಮಠಕ್ಕೆ. ಕುಡ್ದೆ ಅಂತಲೇ ಒಪ್ಕಂಡ್ಬುಡ್ತೀನಿ. ನನ್ನ ಲಿಂಗದ ಮಾತು ನನ್ನ ಮನೇಲೇ ನಡೀನಿಲ್ಲ. ಇನ್ನು ಸುಳ್ಳಾದ್ರೇನು, ನಿಜ ಆದ್ರೇನು?"

ಮೇಡಂ ಅಷ್ಟು ಹೊತ್ತಿಗೆ ಚಪ್ಪಲಿ ಬಿಟ್ಟು ಜಗಲಿ ಹತ್ತಿಯಾಗಿತ್ತು. "ಅಣ್ಣ, ಅಂಗಿ ಒಸಿ ತೆಗೀರಿ. ಲಿಂಗ ತೆಗೀಬೇಡಿ. ಎಡಗೈಯಲ್ಲಿ ಹಿಡ್ಕಂಡು ಬಿಸ್ಲಿಗೆ ಎದೆ ಕೊಟ್ಟು ಕೂತ್ಕಳಿ." ಕರಡಿಗೆ ತೆಗೆದಿಡಿ ಎಂದು ನಾನು ಕ್ಲಿನಿಕ್ಕಿನಲ್ಲಿ ಎಷ್ಟು ಜನರಿಗೆ ಹೇಳಿ ಎಷ್ಟು ಜನರ ಮುಖ ಗಂಟಾಗಿಸಿದ್ದೇನೆ! ಯಜಮಾನರು ತಟ್ಟನೆ ಮೃದುವಾದರು. ಕರಡಿಗೆಯನ್ನು ಅಂಗೈಗೆ ತೆಗೆದುಕೊಂಡಾಗ ಅದರ ದಾರ ಬೆಳಕಿಗೆ ಬಂತು. ಮೇಡಂ ಬಗ್ಗಿ ನೋಡಿದರು.

"ಈ ದಾರದಲ್ಲಿ ಮೂರು ಗಂಟು ಯಾಕವೆ?"

"ಒಗೆದು ಒಗೆದು ದಾರ ಕುಗ್ಗೋಯ್ತದೆ ತಾಯಿ. ಕುತ್ತಿಗೆ ಬಿಗೀತಿತ್ತು. ಮೂರು ಸಲ ತುಂಡು ಸೇರಿಸಿ ಗಂಟಾಕ್ಕಂಡೆ."

"ಎಷ್ಟು ದಿನದಲ್ಲಿ?"

"ದೀಪಾವಳಿಯಿಂದೀಚೆಗೆ."

"ದಾರ ಕುಗ್ಗಿಲ್ಲ ಕಣಣ್ಣ!" ಮೇಡಂ ದನಿ ಬೀದಿಗೆ ಕೇಳುವಂತಾಯಿತು. "ಕುತ್ತಿಗೆ ದಪ್ಪ ಆಗದೆ! ಅಮ್ಮಿ, ನೋಡು, ಕಾಯಿಲೆ ಎಷ್ಟೆಷ್ಟು ಬೆಳೀತು ಅಂತ ಗಂಟು ಹಾಕಿಟ್ಟವ್ರೆ!"

ನಾನು ಆ ದಾರವನ್ನು ಕ್ಲಿನಿಕ್ಕಿನಲ್ಲಿ ನೋಡಿದ್ದೆ. ಗಂಟುಗಳನ್ನು ನೋಡಿರಲಿಲ್ಲ.

ಮೇಡಂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಎದೆಯ ಬಲಗಡೆ ಇಳಿದಿದ್ದ ದಪ್ಪ ನಾಳದ ಮೇಲೆ ಎರಡು ತೋರುಬೆರಳುಗಳನ್ನು ಜೋಡಿಸಿ ಇಟ್ಟರು. ಒಂದನ್ನು ಕೆಳಕ್ಕೆ ಸರಿಸಿದರು, ನಡುವೆ ಎರಡಿಂಚು ನಾಳ ಚಪ್ಪಟೆಯಾಯಿತು. ಕೆಳಗಿನ ಬೆರಳು ಎತ್ತಿದರು. ಏನೂ ಆಗಲಿಲ್ಲ, ನಾಳ ಖಾಲಿಯೇ ಉಳಿಯಿತು. ಮತ್ತೆ ಒತ್ತಿ, ಖಾಲಿಮಾಡಿ, ಈ ಸಲ ಮೇಲಿನ ಬೆರಳು ಎತ್ತಿದರು.

ಸರ್ರನೆ ತುಂಬಿತು! ಮೇಲಿನಿಂದ ಕೆಳಕ್ಕೆ, ನಮ್ಮ ಕಣ್ಣೆದುರಿಗೆ, ಆ ಬಿಸಿಲಿನಲ್ಲಿ.

"ಇಳೀತಾದೆ!" ಮೇಡಂ ಕೂಗಿಯೇಬಿಟ್ಟರು. "ಕೆಳಕ್ಕೆ ಇಳೀತಾದೆ ಕಣಮ್ಮಿ! ಟೆಂಪೋ ತಿರುಗಿಸ್ಕಂಡು ಬತ್ತಾವ್ನೆ ನೋಡು!" ಜಗಲಿ ಕೆಳಗಿದ್ದ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಮೇಡಂ ಕಣ್ಣಲ್ಲಿ ನೀರು ತುಂಬಿತ್ತು, ಮುಖದ ತುಂಬ ನಗು. ನಾನೂ ಕುಣಿಯುವುದೊಂದು ಬಾಕಿ.

ಯಜಮಾನರು ಇಬ್ಬರನ್ನೂ ನೋಡಿ ಕೇಳಿದರು. "ಒಳ್ಳೇದಾ ತಾಯಿ?"

ಮೇಡಂ ನಗು ಅಲ್ಲೇ ನಿಂತಿತು. ಅವರು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಯಜಮಾನರ ಪಕ್ಕದಲ್ಲೇ ಕೂತರು. "ಒಳ್ಳೇದಲ್ಲ ಕಣಣ್ಣ. ಆದ್ರೆ ಕುಡಿತ ಅಲ್ಲ. ಕುಡಿದು ಲಿವರ್ ಕೆಟ್ಟಿದ್ರೆ ಈ ಜಾಗದಲ್ಲಿ ರಕ್ತ ಕೆಳಗಿಂದ ಮೇಲಕ್ಕೆ ಹೋಗ್ಬೇಕಿತ್ತು. ನಿಮ್ಮದು ಮೇಲಿಂದ ಕೆಳಕ್ಕೆ ಬತ್ತಾ ಅದೆ. ಅಂದ್ರೆ ಎದೆ ಮೂಳೆ ಹಿಂದೆ ದಾರೀಲಿ ಏನೋ ಅಡ್ಡ ಕೂತದೆ. ತಲೆ ರಕ್ತ ನೆಟ್ಟಗೆ ಇಳಿಯಕ್ಕಾಗ್ದೆ ಎದೆ ಮೇಲಿಂದ ಸುತ್ಕಂಡು ಹೋಗ್ತಾ ಅದೆ. ಅದಕ್ಕೇ ಮೊಕ ಊದದು, ಅದಕ್ಕೇ ಕಣ್ಣು ಕೆಂಪಾಗದು. ಮಠಕ್ಕಲ್ಲ, ನಾಳೆ ಮೈಸೂರಿಗೆ ಹೋಗ್ಬೇಕು."

ಓದುವವರನ್ನು ಕಾಯಿಸುವುದು ಬೇಡ, ಇಲ್ಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹೊರಗೆ ಹೆಚ್ಚು ಕಾಣದಂತೆ ಒಳಗೊಳಗೇ ಕೆಳಕ್ಕೆ ಬೆಳೆದು, ಎದೆಮೂಳೆಯ ಹಿಂದೆ ಮುಷ್ಟಿ ಗಾತ್ರದ ಗಡ್ಡೆಯಾಗಿ ನಾಳಗಳನ್ನು ಅದುಮಿತ್ತು. ಕ್ಯಾನ್ಸರ್ ಅಲ್ಲ. ಇನ್ನೂ ತಡವಾಗಿದ್ದರೆ ಉಸಿರೇ ಕಟ್ಟುತ್ತಿತ್ತು ಎಂದರು. ಆಪರೇಷನ್ ಆಯಿತು. ಮುಖ ಇಳಿಯಿತು, ನಾಳಗಳೂ ಇಳಿದವು. ಈಗ ಅವರು ಮೊದಲಿನಂತೆ ಕ್ರೇಟ್ ಎತ್ತುತ್ತಾರೆ, ಲೋಡಿನ ಜೊತೆ ಹೋಗಿಬರುತ್ತಾರೆ.

ಆದರೆ ಆ ಭಾನುವಾರ ಜಗಲಿಯ ಮೇಲೆ ಇದ್ಯಾವುದೂ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಬಾಗಿಲು ಬಿಟ್ಟು ಕದಲಿರಲಿಲ್ಲ.

"ಆವತ್ತು ಡಾಕ್ಟ್ರು ಅಂಗಂದ್ರಿ. ಇವತ್ತು ಡಾಕ್ಟ್ರೇ ಇಂಗಂತೀರಿ. ನಾನು ಯಾರ ಮಾತು ನಂಬ್ಲಿ?" ಎಂದರು. ನ್ಯಾಯವಾದ ಮಾತು.

"ಯಾರ ಮಾತೂ ನಂಬ್ಬೇಡ ತಂಗಿ" ಎಂದರು ಮೇಡಂ. "ನಿನ್ನ ಬೆರಳು ನಂಬು. ಬಾ ಇಲ್ಲಿ."

ಆಕೆ ಬಂದರು. ಮೇಡಂ ಎದ್ದು ಜಾಗ ಬಿಟ್ಟುಕೊಟ್ಟರು. ಬೀನ್ಸ್ ಬಿಡಿಸಿ ಕಲೆಯಾಗಿದ್ದ ಆ ಎರಡು ಬೆರಳುಗಳನ್ನು ಹಿಡಿದು ನಾಳದ ಮೇಲೆ ಇಟ್ಟರು. "ಒತ್ತು. ಇದನ್ನ ಸರಿಸು. ಈಗ ಕೆಳಗಿಂದು ಎತ್ತು. ಬಂತಾ ರಕ್ತ? ಬರ್ಲಿಲ್ಲ. ತಿರ್ಗಾ ಒತ್ತು. ಈಗ ಮೇಲಿಂದು ಎತ್ತು." ಆಕೆ ಎತ್ತಿದರು. ನಾಳ ಮೇಲಿನಿಂದ ತುಂಬಿತು. ಆಕೆ ಬೆರಳು ತೆಗೆಯಲಿಲ್ಲ. ಯಾರೂ ಹೇಳದೆಯೇ ಮತ್ತೆ ಒತ್ತಿದರು, ಸರಿಸಿದರು, ಎತ್ತಿದರು. ಮತ್ತೆ ತುಂಬಿತು. ಮತ್ತೊಮ್ಮೆ. ಮೂವತ್ತೊಂದು ವರ್ಷ ಕಾದಿದ್ದ ಮೇಡಂ, ಆ ನಾಳವನ್ನು ಇನ್ನೊಮ್ಮೆ ಬಗ್ಗಿ ಕೂಡ ನೋಡದೆ, ನನ್ನ ರಟ್ಟೆ ಹಿಡಿದು ಜಗಲಿಯಿಂದ ಕೆಳಕ್ಕೆ ಎಳೆದುಕೊಂಡು ಬಂದರು.

ಹಿಂದಿನಿಂದ ಆ ಹೆಂಗಸಿನ ದನಿ ಕೇಳಿಸಿತು. ಹತ್ತೊಂಬತ್ತು ದಿನದಲ್ಲಿ ಗಂಡನಿಗೆಂದೇ ಆಡಿದ ಮೊದಲ ಮಾತು.

"ನೋಯ್ತದಾ?"

"ಇಲ್ಲ ಕಣಮ್ಮಿ. ಇನ್ನೊಂದ್ಸಲ ಒತ್ತು."